ಒಂಬತ್ತು ನಿಮಿಷಕ್ಕೆ ನಿಂತುಹೋದ ವಾಷಿಂಗ್ ಮಷೀನಿಗೆ

ಬೇಸ್‌ಮೆಂಟಿನಲ್ಲಿ ಮನೆ ಬೆಚ್ಚಗಿಡುವ ಫರ್ನೇಸಿನ ಪಕ್ಕ ವಿರಾಜಮಾನರಾಗಿರುವ ಮಾನ್ಯ ವಾಷಿಂಗ್ ಮಷೀನ್ ಅವರೇ,

ಪರದೇಶದ ಮಿಲ್ಟನ್ ಊರಿನ ನಿವಾಸಿ ಈರೇಶನು ತಮ್ಮ ಗಾಜಿನ ಬಾಗಿಲಿಗೆ ಹಣೆ ಹಚ್ಚಿ ಮಾಡುವ ವಂದನೆಗಳು. ಬುಧವಾರ ಸಂಜೆ ‘ಇನ್ನು ಒಂಬತ್ತು ನಿಮಿಷ’ ಎಂದು ತೋರಿಸಿದ ತಾವು ಶುಕ್ರವಾರದವರೆಗೂ ಅಲ್ಲೇ ನಿಂತಿರಿ. ಕಾಲವನ್ನೇ ತಡೆಯುವ ಈ ವಿದ್ಯೆಯನ್ನು ದಿನಾ ಟ್ರೈನು ತಪ್ಪಿಸಿಕೊಳ್ಳುವ ನನಗೂ ದಯಪಾಲಿಸಬೇಕೆಂದು ಮೊದಲ ಕೋರಿಕೆ.

ತಮ್ಮ ಹೊಟ್ಟೆಯಲ್ಲಿದ್ದದ್ದು ನನ್ನ ಅತ್ತೆ ಗಿರಿಜವ್ವನವರು ಹಳೆಯ ಸೀರೆಗಳನ್ನು ಕೂಡಿಸಿ, ನಾಲ್ಕು ತಿಂಗಳು ಕೂತು ಹೊಲಿದು, ಧಾರವಾಡದಿಂದ ತಂದ ಕೌದಿ. ಶನಿವಾರ ನಮ್ಮ ಮಗಳಿಗೆ ಹೆಸರಿಡುವಾಗ ತೊಟ್ಟಿಲಲ್ಲಿ ಅದನ್ನೇ ಹಾಸಬೇಕೆಂದು ನನ್ನ ಹೆಂಡತಿ ಮಾಧುರಿಯ ಹಟ. ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಪುಡಿಯ ಪೊಟ್ಟಣ ಒಡೆದು ಕೌದಿಗೆ ವಾಸನೆ ಹತ್ತಿತ್ತು. ಒಳ್ಳೆಯ ಅಳಿಯ ಎನಿಸಿಕೊಳ್ಳುವ ಆಸೆಯಿಂದ, ಅತ್ತೆಯವರನ್ನು ಒಂದು ಮಾತೂ ಕೇಳದೆ, ಅದನ್ನು ತಮ್ಮ ವಶಕ್ಕೆ ಒಪ್ಪಿಸಿದವನು ನಾನೇ.

ತಾವು ನೀರು ತುಂಬಿಕೊಂಡು, ಬಾಗಿಲು ಬಿಗಿದುಕೊಂಡು ಮೌನ ತಾಳಿದ ಮೇಲೆ ನಾನು ಪ್ಲಗ್ಗು ಕಿತ್ತು ಮತ್ತೆ ಹಾಕಿದೆ. ಮ್ಯಾನುಯಲ್ಲನ್ನು ಎರಡು ಸಲ ಇಂಗ್ಲಿಷಿನಲ್ಲಿ, ಸಿಟ್ಟಿಗೆ ಒಂದು ಸಲ ಫ್ರೆಂಚಿನಲ್ಲೂ ಓದಿದೆ. ಹೆಲ್ಪ್‌ಲೈನಿನವರು ಎರಡು ಟವೆಲ್ ಸೇರಿಸಿ ಭಾರ ಸಮ ಮಾಡಿ ಎಂದರೇ ಹೊರತು, ತೆರೆಯದ ಬಾಗಿಲಿನಿಂದ ಟವೆಲ್ ಒಳಗೆ ಹಾಕುವ ಬಗೆ ಹೇಳಲಿಲ್ಲ. ಕೊನೆಗೆ ಇಂದು ಕೆಳಗಿನ ಫಿಲ್ಟರು ಬಿಚ್ಚಿದರೆ, ಮೂರು ಬಕೆಟ್ ನೀರಿನ ಹಿಂದೆ ದಾರ ಸುತ್ತಿಕೊಂಡ ಒಂದು ಹೋಳಿಗೆ ತುಣುಕು ಕೂತಿತ್ತು. ಕೌದಿಯ ಹೊಟ್ಟೆ ಬರಿದಿರಬಾರದೆಂದು ಅದರ ಕೊನೆಯ ಮೂಲೆಯಲ್ಲಿ ಹೋಳಿಗೆ ಇಟ್ಟು ಹೊಲಿಯುವುದು ಅತ್ತೆಯವರ ಮನೆಯ ರೂಢಿ. ಅದನ್ನು ಮರೆತವನು ನಾನು, ಹೊಲಿಗೆ ಬಿಚ್ಚಿ ತಿಂದವರು ತಾವು.

ಅಷ್ಟರಲ್ಲಿ ಅತ್ತೆಯವರು ಕೆಳಗಿಳಿದು ಬಂದರು. ಬಕೆಟ್ಟು ನೋಡಿದರು, ತುಣುಕು ನೋಡಿದರು, “ಪಾಪ, ಹಸಿದಿತ್ತೇನೋ. ಕೇಳಿದ್ರ ನಾನೇ ಕೊಡತಿದ್ದೆ” ಎಂದು, ಮಾನ್ಯರೇ, ತಮ್ಮ ತಲೆಯನ್ನೇ ಸವರಿದರು. ನನ್ನ ಕಡೆ ನೋಡಲೂ ಇಲ್ಲ, ನನಗೆ ನಾಚಿಕೆಯಾಯಿತು.

ಆದ್ದರಿಂದ ಮುಂದೆ ಹಸಿವಾದರೆ ತಾವು ಗಂಟೆ ಬಾರಿಸಬೇಕು. ಮ್ಯಾನುಯಲ್ಲಿನ ‘ಫಿಲ್ಟರಿನಲ್ಲಿ ಸಿಗುವ ವಸ್ತುಗಳ’ ಪಟ್ಟಿಗೆ ನಾಣ್ಯ, ಗುಂಡಿಗಳ ಜೊತೆ ಹೋಳಿಗೆಯನ್ನೂ ಸೇರಿಸಲು ತಮ್ಮ ಮೇಲಿನವರಿಗೆ ಶಿಫಾರಸು ಮಾಡಬೇಕು. ಸಾಧ್ಯವಾದರೆ ಇಡೀ ತಪ್ಪನ್ನು ಅತ್ತೆಯವರೆದುರು ತಾವೇ ಒಪ್ಪಿಕೊಳ್ಳಬೇಕು. ಫಿಲ್ಟರು ತೊಳೆದು ಹಾಕಿದ ಮೇಲೆ ಈಗ ತಾವು ಮತ್ತೆ ತಿರುಗುತ್ತ ಒಂಬತ್ತಕ್ಕೆ ಬಂದಿದ್ದೀರಿ. ದಯಮಾಡಿ ಎಂಟು ಎನ್ನಿ.

ಮೊಣಕಾಲೂರಿಯೇ ಇರುವ,
ತಮ್ಮ ವಿಶ್ವಾಸಿ,
ಈರೇಶ

ವಿ.ಸೂ.: ಎಂಟೆಂದಿರಿ, ಸೊನ್ನೆಯೂ ಎಂದಿರಿ, ಕೌದಿ ಹೊರಗೆ ಬಂತು, ಉಪಕಾರವಾಯಿತು. ಬಿಚ್ಚಿದ ಮೂಲೆ ಹೊಲಿಯಲು ಅತ್ತೆಯವರು ಮೇಲೆ ಹೊಸ ಹೋಳಿಗೆ ಬೇಯಿಸುತ್ತಿದ್ದಾರೆ. ಒಂದು ಕೌದಿಗೆ, ಒಂದು ತಮಗೆ. ಅಳಿಯನಿಗೆ ಇಲ್ಲವಂತೆ.