ಸೊಸೆಯ ಸ್ಲೈಡುಗಳೂ ನನ್ನ ಶಿಸ್ತೂ

ಫೆಬ್ರವರಿ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ತಾರ್ನಾಕದ ನಮ್ಮ ಮನೆಯ ಊಟದ ಮೇಜು. ಹಾಜರಿದ್ದವರು: ನಾನು, ಅಡುಗೆಮನೆಯಲ್ಲಿ ನನ್ನ ಹೆಂಡತಿ ಶಾಂತಾ, ಕೋಣೆಯಲ್ಲಿ ಸೊಸೆ ಸ್ಮಿತಾ. ಸೊಸೆ ನಿದ್ದೆಯಲ್ಲಿದ್ದಳು. ನಿದ್ದೆಯಲ್ಲಿದ್ದವರನ್ನು ಹಾಜರಿಗೆ ಸೇರಿಸಬಹುದೇ ಎಂಬ ಪ್ರಶ್ನೆ ನನ್ನ ಸರ್ಕಾರಿ ಸೇವೆಯಲ್ಲೂ ಆಗಾಗ ಎದ್ದದ್ದುಂಟು. ಆಗೆಲ್ಲ ಸೇರಿಸಿಯೇ ಬರೆದಿದ್ದೇವೆ. ಮಗ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಪಾಳಿಯ ಮೇಲಿದ್ದ, ಆದ್ದರಿಂದ ಆ ದಿನ ನಡೆದದ್ದರಲ್ಲಿ ಅವನ ತಪ್ಪು ಏನೂ ಇಲ್ಲ. ನನ್ನ ತಪ್ಪೂ ಇಲ್ಲ ಎಂದು ಎಂಟು ಗಂಟೆಯವರೆಗೆ ನಾನು ನಂಬಿದ್ದೆ.

ಶಿಸ್ತಿನ ಮನುಷ್ಯನಿಂದ ಆಗುವಷ್ಟು ಅನಾಹುತ ಸೋಮಾರಿಯಿಂದ ಆಗುವುದಿಲ್ಲ ಎಂದು ನನಗೆ ಈ ವಯಸ್ಸಿನಲ್ಲಿ ಅನ್ನಿಸತೊಡಗಿದೆ. ಸೋಮಾರಿ ಇದ್ದದ್ದನ್ನು ಇದ್ದಲ್ಲಿಯೇ ಬಿಡುತ್ತಾನೆ. ನಮ್ಮಂಥವರು ಬಿಡುವುದಿಲ್ಲ. ನಾನು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ತಪಾಸಣೆಯ ವಿಭಾಗದಲ್ಲಿ ಆಯುಷ್ಯ ಕಳೆದವನು. ಅಲ್ಲಿ ಒಂದು ಅಳತೆಯ ಉಂಗುರ ಇರುತ್ತಿತ್ತು. ಬಿಡಿಭಾಗ ಅದರೊಳಗೆ ಹೋದರೆ ಪಾಸು, ಹೋಗದಿದ್ದರೆ ರಿಜೆಕ್ಟು. ನಡುವೆ ಇನ್ನೊಂದು ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ನಿವೃತ್ತನಾದ ಮೇಲೆ ಆ ಉಂಗುರ ಮನಸ್ಸಿನಲ್ಲೇ ಉಳಿದು, ಮನೆಯ ಚಪ್ಪಲಿ, ಚಮಚ, ಗಡಿಯಾರ, ಹಾಲಿನವನು, ಬೀಗರು ಎಲ್ಲರೂ ಅದರೊಳಗೆ ಹಾಯ್ದೇ ಬರಬೇಕಾಯಿತು. ಬೆಳಿಗ್ಗೆ ಎದ್ದು ಕನ್ನಡಕವನ್ನು ಸ್ಪಿರಿಟ್ಟಿನಲ್ಲಿ ಒರೆಸುವುದು ನನ್ನ ದಿನದ ಮೊದಲ ಕೆಲಸ. ಆ ಭಾನುವಾರದ ಕಥೆಯೂ ಅಲ್ಲಿಂದಲೇ ಶುರುವಾಯಿತು.

ಸ್ಮಿತಾ ಡಾಕ್ಟರು. ಆದರೆ ನಾಡಿ ಹಿಡಿದು ನೋಡುವ ಡಾಕ್ಟರಲ್ಲ, ಪೆಥಾಲಜಿಸ್ಟು. ದೇಹದಿಂದ ತೆಗೆದ ಚೂರನ್ನು ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಪಟ್ಟಿಯ ಮೇಲೆ ಕೂರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವುದು ಅವಳ ಕೆಲಸ. ರೋಗಿಯ ಮುಖವನ್ನೇ ನೋಡದೆ, ಒಂದು ಗುಳಿಗೆಯನ್ನೂ ಬರೆದುಕೊಡದೆ ಡಾಕ್ಟರಾಗಿರುವುದು ಹೇಗೆ ಎಂಬುದು ಶಾಂತಾಳಿಗೆ ಇವತ್ತಿಗೂ ಬಗೆಹರಿದಿಲ್ಲ. ಕಲಬುರಗಿಯಲ್ಲಿ ಎಂ.ಡಿ. ಮುಗಿಸಿ ಬಂದ ಸೊಸೆ ಇಲ್ಲಿ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮತ್ತೊಂದು ವರ್ಷದ ತರಬೇತಿಗೆ ಸೇರಿದಳು. ಅದಕ್ಕೆ ಫೆಲೋಶಿಪ್ ಅನ್ನುತ್ತಾರೆ. ಸ್ತನದ ಕಾಯಿಲೆಗಳನ್ನು ಮಾತ್ರ ನೋಡಿ ಪಳಗುವ ವರ್ಷ ಅದು.

ಸ್ತನ ಎಂಬ ಶಬ್ದವನ್ನು ಸ್ಮಿತಾ ಊಟದ ಮೇಜಿನಲ್ಲಿ ತರಕಾರಿಯ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುತ್ತಾಳೆ. ನನ್ನ ನಾಲಿಗೆ ಮಾತ್ರ ಮೊದಮೊದಲು ಹೊರಳುತ್ತಿರಲಿಲ್ಲ. ಮೇಲಿನ ಮನೆಯ ರಾವ್ ಗಾರು, ನಿಮ್ಮ ಸೊಸೆ ಈಗ ಏನು ಓದುತ್ತಿದ್ದಾಳೆ ಎಂದು ಕೇಳಿದಾಗ ನಾನು ಎರಡು ಸಲ ಕೆಮ್ಮಿ, ಎದೆಗೆ ಸಂಬಂಧಪಟ್ಟದ್ದು ಅಂದೆ. ಮರುದಿನ ಅವರು ತಮ್ಮ ಇ.ಸಿ.ಜಿ. ಕಾಗದವನ್ನು ಸುರುಳಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಸ್ಮಿತಾ ಅವರನ್ನು ಕೂರಿಸಿ, ತಾನು ಓದುತ್ತಿರುವುದು ಏನು ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದಳು. ರಾವ್ ಗಾರು ನೆಲ ನೋಡಿದರು, ನಾನು ಫ್ಯಾನು ನೋಡಿದೆ. ಆದರೆ ಅದೇ ಸಂಜೆ ಅವರ ಹೆಂಡತಿ ಒಬ್ಬರೇ ಇಳಿದು ಬಂದು ಸ್ಮಿತಾಳೊಂದಿಗೆ ಕೋಣೆಯಲ್ಲಿ ಬಹಳ ಹೊತ್ತು ಮಾತಾಡಿದರು, ಮುಂದಿನ ವಾರ ಆಸ್ಪತ್ರೆಗೂ ಹೋಗಿ ಬಂದರು. ಏನೂ ಇರಲಿಲ್ಲವಂತೆ. ಅಂದಿನಿಂದ ಕೆಮ್ಮುವುದನ್ನು ನಾನು ಬಿಟ್ಟಿದ್ದೇನೆ.

ಈ ವಿದ್ಯೆ ಮನೆಯೊಳಕ್ಕೂ ನುಗ್ಗುತ್ತದೆ. ಸ್ಮಿತಾ ಬದನೆಕಾಯಿ ಹೆಚ್ಚುವ ಮೊದಲು ಅದನ್ನು ತಿರುಗಿಸಿ ತಿರುಗಿಸಿ, ಮೇಲು ಯಾವುದು, ಕೆಳಗು ಯಾವುದು, ಎಡ ಬಲ ಯಾವುದು ಎಂದು ಗೊತ್ತುಮಾಡಿಕೊಳ್ಳುತ್ತಾಳೆ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯನ್ನು ಹಾಗೆ ನೋಡದೆ ಕತ್ತರಿಸುವಂತಿಲ್ಲವಂತೆ; ಯಾವ ಅಂಚಿನಲ್ಲಿ ರೋಗ ಉಳಿದಿದೆ ಎಂದು ಆಮೇಲೆ ಹೇಳಲಿಕ್ಕಾಗುವುದಿಲ್ಲ. ಶಾಂತಾ ಒಲೆಯ ಮುಂದೆ ಕಾದು ಕಾದು, "ಎಣ್ಣಿಗಾಯಿಗೆ ಎಡ ಯಾವ್ದಾದ್ರೇನ್ ಬಲ ಯಾವ್ದಾದ್ರೇನವಾ, ಹೊಟ್ಟಿಗೆ ಹೋದಮ್ಯಾಲ ಅದು ಹೊಳ್ಳತೈತಿ" ಅನ್ನುತ್ತಾಳೆ.

ನನಗೆ ಸೊಸೆಯ ಬಗ್ಗೆ ಒಂದೇ ಒಂದು ಚಿಂತೆ ಇತ್ತು. ಅವಳಿಗೆ ಗೊತ್ತಿತ್ತು, ಆದರೆ ಗೊತ್ತಿದೆ ಎಂದು ಹೇಳಲು ಧೈರ್ಯವಿರಲಿಲ್ಲ. ಅವಳ ವಿದ್ಯೆಯಲ್ಲಿ ಪಾಸು ರಿಜೆಕ್ಟುಗಳ ನಡುವೆ ದೊಡ್ಡ ಬಯಲೇ ಇದೆ. ಸ್ವಲ್ಪ ಸಂಶಯ, ಹೆಚ್ಚು ಸಂಶಯ, ಇನ್ನೊಮ್ಮೆ ನೋಡಬೇಕು, ಹಿರಿಯರಿಗೆ ತೋರಿಸಬೇಕು. ಸ್ಮಿತಾ ಆ ಬಯಲಲ್ಲೇ ಬಿಡಾರ ಹೂಡಿದ್ದಳು. ಪ್ರತಿಯೊಂದಕ್ಕೂ ಮೇಡಂ ಏನು ಹೇಳುತ್ತಾರೋ ಎಂದು ಕಾಯುವಳು. ಮೇಡಂ ಎಂದರೆ ಅವಳಿಗೆ ಕಲಿಸುವ ವಿಭಾಗದ ಮುಖ್ಯಸ್ಥೆ, ಕೂದಲು ನೆರೆತ, ಮಾತು ಕಡಿಮೆ ಇರುವ ಹೆಂಗಸು. ಮುಂದಿನ ವರ್ಷ ಯಾರ ಮುಖ ನೋಡುತ್ತೀ ಎಂದು ಅವರು ಕೇಳಿದ್ದರಂತೆ. ಸೋಮವಾರ ಅವರೂ ಹೊರಗಿನ ಇಬ್ಬರು ಡಾಕ್ಟರುಗಳೂ ಕೂತು ಸ್ಮಿತಾಳನ್ನು ಪರೀಕ್ಷಿಸುವವರಿದ್ದರು. ಸರಿಯಾಗಿ ಉತ್ತರಿಸಿದರೆ ಅದೇ ಆಸ್ಪತ್ರೆಯಲ್ಲಿ ಕೆಲಸ, ತಾನೇ ರಿಪೋರ್ಟಿಗೆ ಸಹಿ ಹಾಕುವ ಅಧಿಕಾರ. ಇಲ್ಲದಿದ್ದರೆ ಇನ್ನೊಬ್ಬರ ಕೈಕೆಳಗೆ ಮತ್ತೆ ಇಂಥದೇ ವರ್ಷಗಳು. ಅದಕ್ಕಾಗಿ ಮೇಡಂ ಶನಿವಾರ ಹಳೆಯ ಸ್ಲೈಡುಗಳ ಒಂದು ತಟ್ಟೆಯನ್ನು ಮನೆಗೆ ಕೊಟ್ಟು ಕಳಿಸಿದ್ದರು. ಹೆಸರಿಲ್ಲದ, ಬರಿಯ ನಂಬರಿದ್ದ, ಕಲಿಸಲಿಕ್ಕೆಂದೇ ಇಟ್ಟ ಸ್ಲೈಡುಗಳು. ಅಬಿಡ್ಸಿನ ಅಂಗಡಿಯಲ್ಲಿ ಮಗ ಕೊಂಡುತಂದ ಹಳೆಯ ಸೂಕ್ಷ್ಮದರ್ಶಕದಲ್ಲಿ ಅವನ್ನೆಲ್ಲ ನೋಡಿ, ಸ್ಮಿತಾ ತಟ್ಟೆಯನ್ನು ಊಟದ ಮೇಜಿನ ಮೇಲೆ ಬಿಟ್ಟು ಮಲಗಿದ್ದಳು.

ನಾನು ಎದ್ದು ಕನ್ನಡಕ ಒರೆಸಿಕೊಂಡೆ. ಒರೆಸಿದ ಕನ್ನಡಕದಲ್ಲಿ ಲೋಕದ ಕೊಳೆಯೆಲ್ಲ ಚೆನ್ನಾಗಿ ಕಾಣುತ್ತದೆ. ತಟ್ಟೆಯ ತುಂಬ ಗಾಜಿನ ಪಟ್ಟಿಗಳು, ಒಂದೊಂದರ ಮೇಲೂ ಹಸಿರು ಶಾಯಿಯ ಕಲೆ. ಎಲ್ಲೋ ಪೆನ್ನು ಸೋರಿದೆ ಅಂದುಕೊಂಡೆ. ನಾಳೆ ಪರೀಕ್ಷೆಗೆ ಒಯ್ಯುವ ಸಾಮಾನು ಹೀಗೆ ಗಲೀಜಾಗಿದ್ದರೆ ಹೊರಗಿನಿಂದ ಬಂದವರು ನಮ್ಮ ಮನೆತನದ ಬಗ್ಗೆ ಏನೆಂದುಕೊಂಡಾರು? ಕೈಯಲ್ಲಿ ಸ್ಪಿರಿಟ್ಟು ಇದ್ದೇ ಇತ್ತು. ಒಂದೊಂದನ್ನೂ ಅಂಚು ಹಿಡಿದು ಎತ್ತಿ, ನಂಬರಿನ ಚೀಟಿಗೆ ಹನಿ ತಾಗದಂತೆ, ಲಕಲಕ ಹೊಳೆಯುವ ಹಾಗೆ ಒರೆಸಿ ಇಟ್ಟೆ. ಅಡ್ಡವಾಗಿ ಇಟ್ಟಿದ್ದ ಒಂದನ್ನು ನೇರ ಮಾಡಿದೆ. ಕೆಲಸ ಮುಗಿದಾಗ ನನಗೆ ಆದ ಸಂತೋಷ, ಸೇವೆಯಲ್ಲಿದ್ದಾಗ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಎಂಟು ಗಂಟೆಗೆ ಸ್ಮಿತಾ ಚಹಾದ ಲೋಟ ಹಿಡಿದು ಬಂದಳು. ಒಂದು ಸ್ಲೈಡನ್ನು ಬೆಳಕಿಗೆ ಹಿಡಿದಳು, ಇನ್ನೊಂದನ್ನು ಹಿಡಿದಳು. ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಮಾಮಾ, ಇವನ್ನ ಯಾರು ಮುಟ್ಟ್ಯಾರ್ರಿ?"

"ನಾನ ಒರಸೀನಿ. ಭಾಳ ಹೊಲಸ ಆಗಿದ್ವು."

ಅವಳು ಕುರ್ಚಿಯ ಮೇಲೆ ಕೂತುಬಿಟ್ಟಳು. ಆ ಹಸಿರು ಚುಕ್ಕೆಗಳನ್ನು ಮೇಡಂ ತಮ್ಮ ಕೈಯಾರೆ ಇಟ್ಟಿದ್ದರು. ಇಡೀ ಸ್ಲೈಡಿನಲ್ಲಿ ನೋಡಬೇಕಾದ ಜಾಗ ಸಾಸಿವೆಯಷ್ಟು ಇರುತ್ತದೆ. ಅದು ಎಲ್ಲಿದೆ ಎಂದು ತೋರಿಸಲು ಗಾಜಿನ ಮೇಲೆ ಚುಕ್ಕೆ ಇಡುವುದು ಅವರ ಪದ್ಧತಿ. ಚುಕ್ಕೆ ಹೋದರೆ ಸಾಸಿವೆ ಕಾಳು ಗದ್ದೆಯಲ್ಲಿ ಬಿದ್ದ ಹಾಗೆ. ಕಾರ್ಖಾನೆಯಲ್ಲಿ ನಾವೂ ಸಂಶಯ ಬಂದ ಕಡೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆವು. ಯಾವನಾದರೂ ಅದನ್ನು ಒರೆಸಿದ್ದರೆ ನಾನು ಅವನಿಗೆ ಮೆಮೋ ಕೊಡುತ್ತಿದ್ದೆ. ಶಾಂತಾ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ನಿಮ್ಮ ಕೈಗೆ ಅರಿವಿ ಕೊಟ್ಟವ್ರು ಯಾರ್ರೀ? ಯಾವಾಗರೆ ನನ್ನ ಒಲಿ ಒರಸೀರೇನು?"

ಒಲೆ ಅವಳ ಇಲಾಖೆ, ಅದರಲ್ಲಿ ನಾನು ಕೈ ಹಾಕುವಂತಿಲ್ಲ ಎಂದು ವಿವರಿಸಲು ಹೊರಟೆ. ಸಂದರ್ಭ ಅನುಕೂಲವಾಗಿರಲಿಲ್ಲ. ಮೇಡಂಗೆ ಈಗಲೇ ಫೋನು ಮಾಡಿ ತಪ್ಪು ನನ್ನದೆಂದು ಹೇಳುತ್ತೇನೆ, ಚುಕ್ಕೆಗಳನ್ನು ಮತ್ತೆ ಇಡಿಸೋಣ ಎಂದೆ. ಸ್ಮಿತಾ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, ಈಗ ಬೇಡ, ಮೊದಲು ನಾನೇ ಹುಡುಕಿ ನೋಡುತ್ತೇನೆ, ಸಂಜೆ ಮಾಡೋಣ ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಅವಳು ಸೂಕ್ಷ್ಮದರ್ಶಕದ ಮೇಲೆ ಬಗ್ಗಿದಳು. ಸ್ಲೈಡಿನ ಒಂದು ಮೂಲೆಯಿಂದ ಹೊರಟು, ಹೊಲ ಉಳುವವರ ಹಾಗೆ ಹೋಗುವುದು, ಹೊರಳುವುದು, ಪಕ್ಕದ ಸಾಲಿನಲ್ಲಿ ಬರುವುದು. ನಾನು ಮನೆಯಲ್ಲಿ ಮೌನ ಕಾಪಾಡುವ ಹೊಣೆ ಹೊತ್ತುಕೊಂಡೆ. ಹಾಲಿನವನಿಗೆ ಸನ್ನೆಯಲ್ಲಿ ಲೆಕ್ಕ ಹೇಳಿದೆ, ಕುಕ್ಕರಿನ ಸೀಟಿಯನ್ನು ನಿಷೇಧಿಸಿದೆ. ಶಾಂತಾ ನನ್ನನ್ನು ಅಡುಗೆಮನೆಯಿಂದ ನಿಷೇಧಿಸಿದಳು. ಊಟ ತಪ್ಪಲೆಯಲ್ಲೇ ಆರುತ್ತಿತ್ತು. ಒಂದೊಂದು ಸ್ಲೈಡು ಮುಗಿದಾಗಲೂ ಸ್ಮಿತಾ "ಸಿಕ್ತ್ರಿ" ಅನ್ನುವಳು, ನಾನು ಬಾಗಿಲ ಮರೆಯಲ್ಲಿ ನಿಂತು ಉಸಿರು ಬಿಡುವೆ. ಇಳಿಹೊತ್ತಿಗೆ ಒಂದೇ ಒಂದು ಉಳಿಯಿತು. ನಾನು ನೇರ ಮಾಡಿದ್ದ ಸ್ಲೈಡು. ಹಿಂದಿನ ದಿನ ಅದರ ಮೇಲೆ ಹೆಚ್ಚು ಸಂಶಯ ಎಂದುಕೊಂಡು, ನೆನಪಿಗಾಗಿ ಅಡ್ಡ ಇಟ್ಟಿದ್ದಳಂತೆ.

ಅದನ್ನು ಅವಳು ಉತ್ತಳು, ಮತ್ತೆ ಉತ್ತಳು. ಸಿಕ್ತ್ರಿ ಎಂಬ ಮಾತು ಬರಲಿಲ್ಲ. ನನಗೆ ತಡೆಯಲಾಗಲಿಲ್ಲ. ನಿನ್ನೆ ಸಂಶಯ ಕಂಡಿತ್ತಲ್ಲ, ಅದನ್ನೇ ಹೇಳಿಬಿಡು, ಕೆಲಸದಲ್ಲಿ ಹೆಚ್ಚು ಹುಷಾರಾಗಿರುವುದು ತಪ್ಪಲ್ಲ ಎಂದೆ. ಅವಳು ತಲೆ ಎತ್ತಿ ನೋಡಿದಳು.

"ನಿನ್ನೆ ಮೇಡಂ ಚುಕ್ಕಿ ಇಟ್ಟಾರಂದ್ರ ಏನರೆ ಇರಬೇಕಂತ ನೋಡಿದ್ದೆ, ಅದಕ್ಕ ಕಂಡಿತು. ಇವತ್ತ ಎಲ್ಲಾ ನೋಡೀನ್ರಿ, ಏನೂ ಇಲ್ಲ. ಇಲ್ಲದ್ದನ್ನ ಐತಿ ಅಂದ್ರ ಯಾರೋ ಒಬ್ಬಾಕಿ ಸುಮ್ಮಸುಮ್ಮನ ಆಪರೇಷನ್ ಟೇಬಲ್ ಮ್ಯಾಲ ಮಲಗಬೇಕಾಕೈತಿ ಮಾಮಾ."

ಸಂಜೆ ಅವಳೇ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಚುಕ್ಕೆಗಳು ಅಳಿಸಿಹೋದವು, ಉಳಿದೆಲ್ಲ ಸ್ಲೈಡುಗಳಲ್ಲಿ ಜಾಗ ಹುಡುಕಿದ್ದೇನೆ, ಈ ನಂಬರಿನದರಲ್ಲಿ ರೋಗವಿಲ್ಲ ಎಂದು ನನ್ನ ಅಭಿಪ್ರಾಯ ಎಂದಳು. ಸಂಶಯ ಎಂದು ಬರೆಯುವುದಿಲ್ಲವೇ ಎಂದು ಮೇಡಂ ಕೇಳಿದರು. ಸ್ಮಿತಾಳ ಕಿವಿ ಕೆಂಪಾಗಿತ್ತು. ಇಲ್ಲ ಮೇಡಂ, ಬರೆಯುವುದಿಲ್ಲ ಎಂದಳು. ಚುಕ್ಕೆ ಅಳಿಸಿದವರು ಯಾರು ಎಂಬ ಪ್ರಶ್ನೆ ಬಂತು. ನಾನು ಎದ್ದು ನಿಂತು, ಹೆಸರು, ಹಿಂದಿನ ಹುದ್ದೆ ಸಮೇತ ಹಿಂದಿಯಲ್ಲಿ ವರದಿ ಒಪ್ಪಿಸಿದೆ.

ಮೇಡಂ ನಕ್ಕರು. ಆ ಸ್ಲೈಡಿನಲ್ಲಿ ಏನೂ ಇಲ್ಲ; ಪ್ರತಿ ವರ್ಷ ಹಾಗೆ ಒಂದನ್ನು ಸೇರಿಸಿ, ಸುಮ್ಮನೆ ಚುಕ್ಕೆ ಇಟ್ಟು, ವಿದ್ಯಾರ್ಥಿ ನಂಬುವುದು ನನ್ನ ಚುಕ್ಕೆಯನ್ನೋ ತನ್ನ ಕಣ್ಣನ್ನೋ ಎಂದು ನೋಡುತ್ತೇನೆ ಎಂದರು. ನಾಳೆ ತಿಳಿಯಬೇಕಿದ್ದದ್ದು ಇವತ್ತೇ ತಿಳಿಯಿತು, ಹೊರಗಿನವರು ತಮ್ಮ ಪ್ರಶ್ನೆ ಕೇಳಲಿ, ನೀನು ರಿಪೋರ್ಟಿಗೆ ಸಹಿ ಹಾಕಲು ನನ್ನ ಕಡೆಯಿಂದ ಅಡ್ಡಿಯಿಲ್ಲ ಎಂದರು. ನನಗೂ ಒಂದು ಮಾತು ಹೇಳಿದರು: ನಮ್ಮ ಲ್ಯಾಬಿನ ಕಡೆ ಯಾವಾಗಲಾದರೂ ಬನ್ನಿ ಸರ್, ಆದರೆ ಕೈ ಕಟ್ಟಿಕೊಂಡು ಬನ್ನಿ.

ಸ್ಮಿತಾ ಫೋನು ಇಟ್ಟು ಮುಖ ತೊಳೆಯಲು ಹೋದವಳು ಬಹಳ ಹೊತ್ತು ನಲ್ಲಿಯನ್ನು ತಿರುಗಿಸಿಯೇ ಬಿಟ್ಟಿದ್ದಳು. ನೀರು ಪೋಲಾಗುತ್ತಿದೆ ಎಂದು ನಾನು ಅಂದು ಹೇಳಲಿಲ್ಲ.

ಮೂವರೂ ಊಟಕ್ಕೆ ಕೂತೆವು. ಶಾಂತಾ ಬೇಳೆಯ ಸಾರು ಬಡಿಸಿ, "ಉಪ್ಪು ಸರಿ ಐತೇನ್ರಿ?" ಎಂದಳು. ನಾನು ತುತ್ತು ಬಾಯಿಗಿಟ್ಟು, ಉತ್ತರ ಕೊಡುವ ಮೊದಲು ಸೊಸೆಯ ಮುಖ ನೋಡಿದೆ.

"ನನ್ನ ಮಾರಿ ಯಾಕ ನೋಡ್ತೀರಿ ಮಾಮಾ," ಎಂದಳು ಸ್ಮಿತಾ, ತಲೆ ಎತ್ತದೆ. "ನೀವು ಉಂಡೀರಿ, ನೀವ ಹೇಳ್ರಿ."

ನಮ್ಮ ದಾಂಪತ್ಯದಲ್ಲಿ ಸಾರಿನ ಬಗ್ಗೆ ನಾನು ಇಷ್ಟು ವರ್ಷ ಪಾಸು ಎಂದೇ ಮೊಹರು ಹೊಡೆಯುತ್ತ ಬಂದವನು. ಅಂದು ಇನ್ನೊಂದು ಚಮಚ ಬಾಯಿಗಿಟ್ಟು, ನಿಧಾನವಾಗಿ ಪರಿಶೀಲಿಸಿ, ಉಪ್ಪು ಹಾಕಿಯೇ ಇಲ್ಲ ಎಂದು ಹೇಳಿದೆ. ಅಭಿಪ್ರಾಯ ಸರಿಯಾಗಿತ್ತು, ಸ್ಮಿತಾ ಕೂಡ ಒಪ್ಪಿದಳು. ಶಾಂತಾ ಉಪ್ಪಿನ ಡಬ್ಬಿಯನ್ನು ನನ್ನ ಮುಂದಿಟ್ಟು, ಊಟ ಮುಗಿಸಿ, ಎದ್ದು ಹೋಗಿ ಮಲಗಿದಳು. ಪಾತ್ರೆಗಳು ಅಲ್ಲೇ ಉಳಿದವು. ಒಂಬತ್ತು ಗಂಟೆಗೆ ಸಾರಿನ ಪಾತ್ರೆಯನ್ನು ತೊಳೆದು ಬೋರಲು ಹಾಕಿದೆ. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.