ಗಿಟಾರಿಗೆ ಹೊಸ ಪಿಕಪ್

ಚಿಂತೆ ಮಾಡುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ. ಗುರಿ ಮಾತ್ರ ಯಾವಾಗಲೂ ತಪ್ಪುತ್ತದೆ. ಮಾಳಿಗೆ ಸೋರಿದರೆ ಗೋಡೆಯ ಬಗ್ಗೆ ಚಿಂತಿಸುತ್ತೇನೆ, ಹೊಟ್ಟೆ ನೋವಾದರೆ ಹೃದಯದ ಬಗ್ಗೆ. ಹೀಗೇ ನಡುವಯಸ್ಸಿಗೆ ಬಂದ ನಾನು, ತೊಂಬತ್ತರ ದಶಕದ ಕೊನೆಯಲ್ಲಿ, ನನ್ನ ಎಲೆಕ್ಟ್ರಿಕ್ ಗಿಟಾರಿನ ದನಿ ಮಂಕಾಗುತ್ತಿದೆಯೆಂದು ಚಿಂತೆಗೆ ಬಿದ್ದೆ.

ಹಗಲು ನಾನು ಕಮಲಾಪುರದ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಮದುವೆಯ ದಿನಗಳಲ್ಲಿ ಕಲಬುರಗಿಯ ಒಂದು ಆರ್ಕೆಸ್ಟ್ರಾದ ಗಿಟಾರಿಸ್ಟ್. ಅಲ್ಲಿ ಕೀಬೋರ್ಡ್ ನುಡಿಸುವವನು ಗೆಳೆಯ ರಫೀಕ್. ಅವನಿಗೆ ರೇಡಿಯೋ ರಿಪೇರಿ ಅಂಗಡಿಯೂ ಇತ್ತು. ಆ ವರ್ಷ ಅವನು ಹೊಸ ಕೀಬೋರ್ಡ್ ತಂದ. ಅದರಲ್ಲೊಂದು ಗುಂಡಿ ಒತ್ತಿದರೆ ಥೇಟ್ ಗಿಟಾರಿನ ದನಿ! ಗುಂಡಿಗೆ ಊಟ ಹಾಕಬೇಕಿಲ್ಲ, ಟೆಂಪೋದಲ್ಲಿ ಸೀಟು ಕೊಡಬೇಕಿಲ್ಲ, ಪೇಪರ್ ತಿದ್ದುವುದಿದೆಯೆಂದು ಅದು ತಪ್ಪಿಸಿಕೊಳ್ಳುವುದೂ ಇಲ್ಲ. ನನ್ನ ಗಿಟಾರು ಹೊಳೆಯದಿದ್ದರೆ ಆರ್ಕೆಸ್ಟ್ರಾ ಪಾರ್ಟಿಯಲ್ಲಿ ನನಗೆ ಜಾಗವಿಲ್ಲವೆಂದು ಖಾತ್ರಿಯಾಯಿತು. ಗಣಿತ ಕಲಿಸಿ ಒಂದು ಚಪ್ಪಾಳೆಯನ್ನೂ ಕಾಣದವನಿಗೆ ಉಳಿದಿದ್ದು ಆ ಜಾಗವೊಂದೇ.

ದೋಷ ಪಿಕಪ್ಪಿನದೇ ಎಂದು ತೀರ್ಮಾನಿಸಿದೆ. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ದಾಟಿಸುವ, ಸುರುಳಿ ಸುತ್ತಿದ ಆಯಸ್ಕಾಂತ. ರಫೀಕ್ ಹೈದರಾಬಾದಿನಿಂದ ಎರಡು ತರಿಸಿ, ಒಂದಾದ ಮೇಲೊಂದು ಜೋಡಿಸಿ ಬಾರಿಸಿದ.

"ಸರ, ಇದರ ಆವಾಜ್ ದಪ್ಪ ಅದ, ದಿಲ್‌ಗಿ ಹತ್ತತದ. ಇದು ತೀಖಾ, ಸೂಜಿ ಚುಚ್ಚಿದಂಗ. ಯಾವ್ದು ಹಾಕ್ಲಿ?"

ನನಗೆ ಎರಡೂ ಒಂದೇ ಥರ ಕೇಳಿಸಿದವು. ಹಾಗೆನ್ನಲು ನಾಚಿಕೆ. ಗೋಣು ಓರೆ ಮಾಡಿ, ಕಣ್ಣು ಮುಚ್ಚಿ, ಬಹಳ ಬಲ್ಲವನಂತೆ ತೀಖಾ ಆರಿಸಿದೆ.

ಸಂಜೆ ಅಡುಗೆಮನೆಯ ಬಾಗಿಲಲ್ಲೇ ಕೂತು ಗಿಟಾರು ಒರೆಸುತ್ತಿದ್ದಾಗ ಹೆಂಡತಿ ಮಹಾದೇವಿ ಹಿತ್ತಲಿನಿಂದ ಓಡಿಬಂದಳು. "ಕುಕ್ಕರ್ ಸೀಟಿ ಹೊಡದು ಹೊಡದು ಬ್ಯಾಳಿ ಸೀದು ಹೋಗ್ಯಾದ! ಬಾಜೂಕೇ ಕುಂತೀರಲ್ರಿ, ಮನಷ್ಯಾರೋ ಕಲ್ಲೋ?"

"ಚಿಂತ್ಯಾಗಿದ್ದೆ" ಎಂದೆ. ಸುಳ್ಳೇನೂ ಅಲ್ಲ.

ಹೊಸ ಪಿಕಪ್ಪಿನ ಮೊದಲ ಕಛೇರಿ ಕಮಲಾಪುರದ ಒಂದು ಮದುವೆಯಲ್ಲಿ. ನನ್ನ ಶಾಲೆಯ ಮಕ್ಕಳ ಪಾಲಕರೆಲ್ಲ ಎದುರಿಗಿದ್ದಾರೆಂದು ತೀಕ್ಷ್ಣತೆಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಆಹಾ, ಎಷ್ಟೋ ತಿಂಗಳ ಮೇಲೆ ಗಿಟಾರು ಹಾಡಿತು! ನೋಡಿದರೆ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡಿದ್ದರು. ಒಂದು ಕೂಸು ಕೆಂಪು ಬಾಳೆಹಣ್ಣನ್ನು ಕೈಬಿಟ್ಟು ಬಾಯಿ ತೆರೆದು ಅಳುತ್ತಿತ್ತು. ಮದುಮಗಳ ತಂದೆ ವೇದಿಕೆ ಹತ್ತಿ ಬಂದು ಕಿವಿಯಲ್ಲೇ ಕೂಗಿದರು: "ಮಾಸ್ತರ್ರ, ಕೈ ಮುಗಿತೀನ್ರಿ, ಅದರ ಬಾಯಿ ಮುಚ್ಚಸ್ರಿ!"

ಮರುದಿನ ರಫೀಕ್ ಅಂಗಡಿಯಲ್ಲಿ ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ. "ಸಣ್ಣ ತಂತಿ ಮೆಲ್ಲಕ ಮೀಟ್ತೀನಿ ಸರ, ಕೇಳಿದ್ರ ಕೈ ಎತ್ರಿ." ನಿಂತೆ. ಗೋಡೆಯ ಕ್ಯಾಲೆಂಡರಿನ ಹಬ್ಬಗಳನ್ನೆಲ್ಲ ಓದಿ ಮುಗಿಸಿದೆ.

"ಶುರು ಮಾಡಪಾ, ಸಾಲಿಗಿ ಹೊತ್ತಾಗ್ತದ" ಎಂದೆ.

ತಿರುಗಿದೆ. ಅವನ ಬೆರಳು ತಂತಿಯನ್ನು ಮೀಟುತ್ತಲೇ ಇತ್ತು. ಕಣ್ಣು ಮಾತ್ರ ನೆಲ ನೋಡುತ್ತಿತ್ತು.

ಕಿವಿಯೊಳಗಿನ ನರ ಸತ್ತಿದೆ, ಉಳಿದದ್ದೂ ಹೋಗುತ್ತದೆ ಎಂದರು ಡಾಕ್ಟರು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಮದುವೆ ಮೆರವಣಿಗೆಯಲ್ಲಿ ನಮ್ಮ ಪಾರ್ಟಿ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ನಿಂತು ಬಾರಿಸುತ್ತದೆ. ಉಳಿದವರು ಅಂಚಿನಲ್ಲಿ ಕುಣಿಯುತ್ತಿದ್ದರೆ, ಬಿದ್ದು ಕೈ ಮುರಿದೀತೆಂಬ ಚಿಂತೆಯಲ್ಲಿ ನಾನು ವರ್ಷಗಟ್ಟಲೆ ಸ್ಪೀಕರ್ ಪೆಟ್ಟಿಗೆಗೆ ತಲೆಯಾನಿಸಿ ನಿಂತಿದ್ದೆ. ಕೈ ಈಗಲೂ ಗಟ್ಟಿಯಾಗಿದೆ. ಆ ವರ್ಷ ತರಗತಿಯಲ್ಲಿ ಪಿಸುಮಾತೂ ಇಲ್ಲದ್ದು ಕಂಡು ನನ್ನ ಶಿಸ್ತಿನ ಬಗ್ಗೆ ಹೆಮ್ಮೆಪಟ್ಟಿದ್ದೂ ನೆನಪಾಯಿತು.

ರಫೀಕ್ ಹಳೆಯ ಪಿಕಪ್ಪನ್ನೇ ಮತ್ತೆ ಕೂಡಿಸಿದ. "ನನ್ನ ತಲಿ ನೋಡಿ ತಾಳ ಹಿಡೀರಿ ಸರ, ಎಲ್ಲಾ ಬರೋಬ್ಬರಿ ಆಗ್ತದ" ಎಂದ. ಆಯಿತು ಕೂಡ. ಮುಂದಿನ ಮದುವೆಯಲ್ಲಿ ಜನ ಕುಣಿದರು. ಒಬ್ಬರು ಹಾಡಿನ ನಡುವೆಯೇ ನನ್ನ ಹತ್ತಿರ ಬಂದು "ಗಿಟಾರ್ ಭಾಳ ಛಲೋ ಬಾರಸ್ತೀರಿ" ಎಂದು ಜೋರಾಗಿ ಹೇಳಿ ಹೋದರು. ಅಂಥ ಮಾತು ಈ ಜನ್ಮದಲ್ಲಿ ಅದೇ ಮೊದಲು. ಹಿಗ್ಗಿ ಆಂಪ್ಲಿಫೈಯರಿನತ್ತ ತಿರುಗಿದೆ. ಅದರ ಕೆಂಪು ದೀಪ ಉರಿಯುತ್ತಿರಲಿಲ್ಲ. ವೈರನ್ನು ಜೋಡಿಸಿಯೇ ಇರಲಿಲ್ಲ. ಅತ್ತ ರಫೀಕ್ ನನ್ನ ಬೆರಳುಗಳನ್ನೇ ನೋಡುತ್ತ, ಅವು ಹೋದಲ್ಲೆಲ್ಲ, ಗಿಟಾರಿನ ಗುಂಡಿ ಒತ್ತಿದ ತನ್ನ ಕೀಬೋರ್ಡಿನ ಮೇಲೆ ಹಿಂಬಾಲಿಸುತ್ತಿದ್ದ.

ನಾನು ಏನೂ ಕಾಣದವನಂತೆ ಅವನ ತಲೆ ನೋಡಿ ತಾಳ ಹಿಡಿದೆ. ಈಗ ನನ್ನ ಚಿಂತೆಯೆಲ್ಲ ಕಣ್ಣಿನ ಬಗ್ಗೆ.