ಎಚ್ಚರ ತಪ್ಪುವ ಟಿ.ವಿ. ಡಬ್ಬಿ

ನಮ್ಮ ಮನೆತನದಲ್ಲಿ ಯಾವ ಯಂತ್ರವೂ ವಯಸ್ಸಾಗಿ ಸತ್ತದ್ದಿಲ್ಲ. ಎಲ್ಲವೂ ನಮ್ಮ ಕಾಕಾನ ಕೈಯಲ್ಲಿ, ಆಪರೇಷನ್ ನಡೆಯುತ್ತಿರುವಾಗಲೇ ಹೋದವು! ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ, ನನ್ನ ಅಪ್ಪನ ಈ ತಮ್ಮನಿಗೆ ಯಾವ ಹೊಸ ಸಾಮಾನು ಬಂದರೂ ಮೊದಲು ಕಣ್ಣಿಗೆ ಬೀಳುವುದು ಅದರ ಸ್ಕ್ರೂ. ಬೇರೆಯವರು ಹೊಸ ಮಿಕ್ಸರಿಗೆ ಕುಂಕುಮ ಹಚ್ಚಿದರೆ ಈತ ಸ್ಕ್ರೂಡ್ರೈವರ್ ಹಚ್ಚುತ್ತಾನೆ. ಮಿಕ್ಸರಿನ ವೇಗ ಹೆಚ್ಚಿಸಿದ ದಿನ ಕಾಕಿ ಶೇಂಗಾ ಚಟ್ನಿ ಮಾಡುತ್ತಿದ್ದಳು. ಚಟ್ನಿಯೇನೋ ಆಯಿತು. ಆದರೆ ಅದನ್ನು ತಿನ್ನಬೇಕಾದರೆ ನಿಚ್ಚಣಿಕೆ ಹಾಕಿಕೊಂಡು ಛತ್ತಿನವರೆಗೆ ಏರಬೇಕಿತ್ತು!

“ಮಿಕ್ಸರ್ ಛಲೋನ ಐತಿ. ಮುಚ್ಚಳ ಸರಿ ಇಲ್ಲ,” ಎಂದ ಕಾಕಾ.

ನಾನು ಹಾವೇರಿಯಲ್ಲಿ ಒಬ್ಬ ವಕೀಲರ ಹತ್ತಿರ ಟೈಪಿಂಗ್ ಕೆಲಸ ಮಾಡುತ್ತೇನೆ. ಕಂಪ್ಯೂಟರ್ ಮುಂದೆ ಕೂಡುತ್ತೇನೆಂಬ ಒಂದೇ ಕಾರಣಕ್ಕೆ ಕಾಕಾನ ದೃಷ್ಟಿಯಲ್ಲಿ ನಾನು ದೊಡ್ಡ ಎಂಜಿನಿಯರ್. ಬಸ್ಸಿನಲ್ಲಿ ಡ್ರೈವರ್ ಹಿಂದೆ ಕೂತವರೆಲ್ಲ ಡ್ರೈವರ್ ಆಗುತ್ತಾರೆಯೇ? ಕಾಕಾನಿಗೆ ಯಾರು ಹೇಳಬೇಕು! ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು.

“ಯವ್ವಾ, ಲಗೂ ಬಾ. ಎಚ್ಚರ ತಪ್ಪಾಕತ್ತೈತಿ.”

“ಅಯ್ಯೋ, ಯಾರಿಗೆ ಕಾಕಾ?”

“ಡಬ್ಬಿಗೆ! ಟಿ.ವಿ. ಡಬ್ಬಿಗೆ!”

ಟಿ.ವಿ.ಗೆ ಜೋಡಿಸಿ ಇಂಟರ್‌ನೆಟ್ಟಿನದೋ ಪೆನ್‌ಡ್ರೈವಿನದೋ ಸಿನಿಮಾ ನೋಡುವ ಸಣ್ಣ ಡಬ್ಬಿ ಅದು. ಜಗತ್ತೆಲ್ಲ ಅದನ್ನು ಜೋಡಿಸಿ ನೋಡುತ್ತದೆ. ನಮ್ಮ ಕಾಕಾ ಬಿಚ್ಚಿ ನೋಡಿದ್ದ. ಒಳಗಿದ್ದ ಕಂಪನಿಯ ಸಾಫ್ಟ್‌ವೇರ್ ಕಿತ್ತು, ಯಾರೋ ಪುಣ್ಯಾತ್ಮ ಇಂಟರ್‌ನೆಟ್ಟಿನಲ್ಲಿ ಬಿಟ್ಟಿದ್ದ ಬೇರೆಯದನ್ನು ತುಂಬಿದ್ದ. ನಾನು ಹೋಗಿ ನೋಡಿದರೆ ಡಬ್ಬಿಗೆ ಮುಚ್ಚಳವೇ ಇಲ್ಲ. ಮೇಲೆ ಹಳೇ ಕಂಪ್ಯೂಟರಿನ ಫ್ಯಾನು ಎಷ್ಟು ಜೋರಾಗಿ ತಿರುಗುತ್ತಿತ್ತೆಂದರೆ ಗೋಡೆಯ ಕ್ಯಾಲೆಂಡರ್ ಕೂತಲ್ಲೇ ಜನವರಿಯಿಂದ ಡಿಸೆಂಬರಿಗೆ ಹೋಗಿ ಬರುತ್ತಿತ್ತು! ಕೆಳಗೆ ಅಡುಗೆಮನೆಯ ಇಡ್ಲಿ ತಟ್ಟೆ.

“ಇದ್ಯಾಕ ಕಾಕಾ?”

“ಕಾವು ಹೀರತೈತಿ.”

ನನ್ನ ಬೆರಳು ತಟ್ಟೆಯತ್ತ ಹೋದದ್ದೇ ತಡ, ಅಡುಗೆಮನೆಯ ಬಾಗಿಲಲ್ಲಿ ಕಾಕಿ ಪ್ರತ್ಯಕ್ಷಳಾದಳು. “ಈ ಮನ್ಯಾಗ ಇಡ್ಲಿ ಬೇಕಂದ್ರ ಟಿ.ವಿ. ಬಂದ್ ಮಾಡಬೇಕು ನೋಡವ್ವ!”

ಕಾಕಾ ಒಂದು ವಿಡಿಯೋ ಹಚ್ಚಿದ. ಸ್ವಲ್ಪ ಹೊತ್ತು ಓಡಿತು. ಮಂದಿ, ಹೂವು, ಆರತಿ ತಟ್ಟೆ ಕಂಡವು. ಅಷ್ಟರಲ್ಲಿ ಪರದೆ ಕಪ್ಪಾಗಿ ಡಬ್ಬಿ ಮತ್ತೆ ಮೊದಲಿಂದ ಶುರುವಾಯಿತು. ಮತ್ತೆ ಹಚ್ಚಿದ. ಮತ್ತೆ ಕಪ್ಪು.

“ಕಾವು ಜಾಸ್ತಿ ಆಗೈತಿ,” ಎಂದು ಕಾಕಾ ಫ್ರಿಜ್ಜಿನಿಂದ ಬರ್ಫ ತಂದು ಇಡ್ಲಿಯ ಗುಣಿಗಳಿಗೆ ತುಂಬತೊಡಗಿದ. “ಕಾಕಾ, ಅದು ಕರೆಂಟಿನ ಸಾಮಾನು!” ಎಂದು ನಾನು ಚೀರಿ ವೈರು ಕಿತ್ತೆ. ಹಾಗಾದರೆ ತಪ್ಪು ಕರೆಂಟಿನದೇ ಎಂದು ನಿರ್ಧರಿಸಿದ ಕಾಕಾ ಕಂಪೌಂಡ್ ಗೋಡೆಗೆ ಹೋಗಿ, ನೀರಿನ ಮೋಟಾರು ಬಂದ್ ಮಾಡಲು ಪಕ್ಕದ ಮನೆಯವರಿಗೆ ಕೂಗಿದ. ತಲೆತುಂಬ ಸೋಪಿನ ನೊರೆ ಹೊತ್ತ ಒಂದು ಮುಖ ಕಿಟಕಿಯಲ್ಲಿ ಮೂಡಿತು.

“ನಿಮ್ಮ ಸಿನಿಮಾ ಮುಗಿಯೂತನಕ ನಾ ಹಿಂಗ ನಿಂದ್ರಬೇಕೇನ್ರಿ?”

ಕೊನೆಗೆ ಡಬ್ಬಿ, ವಿಡಿಯೋದ ಪೆನ್‌ಡ್ರೈವು, ಫ್ಯಾನು, ಇಡ್ಲಿ ತಟ್ಟೆ ಎಲ್ಲ ಚೀಲಕ್ಕೆ ಹಾಕಿಕೊಂಡು, ಸ್ಕೂಟರ್ ಮೇಲೆ ಇಬ್ಬರೂ ಬ್ಯಾಡಗಿಗೆ ಹೊರಟೆವು. ಅಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಚಾಚಾ ಕಾಕಾನ ಹಳೇ ದೋಸ್ತ. ಚೀಲದಿಂದ ಒಂದೊಂದೇ ಸಾಮಾನು ಹೊರಬಂದ ಹಾಗೆ ಚಾಚಾನ ಹುಬ್ಬು ಮೇಲಕ್ಕೇರಿದವು.

“ಸಾವ್ಕಾರ್ರ, ರಿಪೇರಿಗೆ ಬಂದೀರೋ, ಟಿಫಿನ್ ಸೆಂಟರ್ ತೆಗೀಲಿಕ್ಕೆ ಬಂದೀರೋ?”

ಚಾಚಾ ತನ್ನಲ್ಲಿದ್ದ ಸಿನಿಮಾ ಹಚ್ಚಿದರೆ ಡಬ್ಬಿ ಅಲುಗಾಡದೆ ಓಡಿತು. ನಮ್ಮ ವಿಡಿಯೋ ಹಚ್ಚಿದರೆ ದಬಕ್ಕನೆ ಕಪ್ಪು!

“ಡಬ್ಬಿ ಛಲೋ ಐತ್ರಿ. ನಿಮ್ಮ ಈ ವಿಡಿಯೋಕ್ಕಷ್ಟ ಬೀಳಾಕತ್ತೈತಿ. ಮೊದಲಿನ ಸಾಫ್ಟ್‌ವೇರ್ ವಾಪಸ್ ಹಾಕ್ತೇನಿ, ನೋಡೂಣು.”

ಕಾಕಾ ಡಬ್ಬಿಯನ್ನು ಎದೆಗೆ ಅವಚಿಕೊಂಡ. “ಅದೊಂದು ಬ್ಯಾಡ.”

“ಯಾಕ್ರಿ?”

“ಬ್ಯಾಡಂದ್ರ ಬ್ಯಾಡ!”

“ಕಾಕಾ, ಖರೇ ಹೇಳು. ಏನೈತಿ ಅದರಾಗ?” ಎಂದೆ ನಾನು.

ಅಂಗಡಿಯ ಕೌಂಟರಿನ ಮೇಲೆ ಇಲ್ಲದ ಧೂಳನ್ನು ಒರೆಸುತ್ತ ಕಾಕಾ ಮೆಲ್ಲಗೆ ಹೇಳಿದ: “ಮೊದಲಿನದರಾಗ ಕನ್ನಡ ಅಕ್ಷರ ಬರಂಗಿಲ್ಲ. ಬರೇ ಚೌಕ ಚೌಕ ಕಾಣತಾವು.”

ಆ ವಿಡಿಯೋ ಅವನ ಮಗಳ ಕುಬಸದ್ದು. ಬಸುರಿ ಮಗಳಿಗೆ ಉಡಿ ತುಂಬಿದ ಆ ಕಾರ್ಯಕ್ಕೆ ನಾವೆಲ್ಲ ಹೋಗಿದ್ದೆವು. ಅದಕ್ಕೆ ಸ್ವಲ್ಪ ಮೊದಲು ಬಂದ ಜ್ವರ ಕಾಕಿಯ ಕಿವಿಯನ್ನು ಹೆಚ್ಚುಕಡಿಮೆ ತೆಗೆದುಕೊಂಡೇ ಹೋಗಿತ್ತು.

“ಅವತ್ತ ಎಲ್ಲಾರೂ ನಕ್ಕಾಗ ಆಕಿನೂ ನಕ್ಕಳು,” ಎಂದ ಕಾಕಾ. “ಯಾಕ ನಕ್ಕಿ ಅಂತ ಆಮ್ಯಾಲ ಕೇಳಿದ್ರ, ‘ನೀವೆಲ್ಲಾ ನಕ್ರೆಲ್ಲಾ, ಅದಕ್ಕ’ ಅಂದ್ಲು. ಅದಕ್ಕ ಯಾರ್ಯಾರು ಏನೇನಂದ್ರು ಅಂತ ಎಲ್ಲಾ ಟೈಪ್ ಮಾಡಿ ವಿಡಿಯೋದ ಕೆಳಗ ಹಾಕೇನಿ. ಆಕಿ ಓದಲಿ ಅಂತ.”

ಚಾಚಾ ಡಬ್ಬಿಯಿಂದ ಪೆನ್‌ಡ್ರೈವು ಕಿತ್ತ. ಆಮೇಲೆ ಆ ಅಕ್ಷರಗಳನ್ನು ತನ್ನ ಕಂಪ್ಯೂಟರಿನಲ್ಲಿ ತೆಗೆದವನೇ ಹಣೆ ಹಣೆ ಬಡಿದುಕೊಂಡು ನಕ್ಕ. ಕಾಕಾ ಒಬ್ಬೊಬ್ಬರ ಮಾತಿಗೆ ಒಂದೊಂದು ಬಣ್ಣ ಕೊಟ್ಟಿದ್ದ! ಅಕ್ಷರಕ್ಕೆ ನೆರಳು, ನೆರಳಿಗೆ ಅಂಚು. ಬರುವಾಗ ಜಿಗಿಯುತ್ತ ಬರುತ್ತವೆ, ಹೋಗುವಾಗ ಬುಗುರಿಯಂತೆ ತಿರುಗುತ್ತ ಹೋಗುತ್ತವೆ!

“ಸಾವ್ಕಾರ್ರ, ಈ ಬಡ ಡಬ್ಬಿಯನ್ನ ಇಷ್ಟ ಕುಣಿಸಿದ್ರ ಎಚ್ಚರ ತಪ್ಪಲಾರದ ಏನ ಮಾಡೀತು?”

ಚಾಚಾ ಕುಣಿತವನ್ನೆಲ್ಲ ಬಿಡಿಸಿ ಅಕ್ಷರಗಳನ್ನು ಬೆಳ್ಳಗೆ ಮಾಡಿದ. “ನಮ್ಮಾಕಿ ಮಾತಿಗರೆ ಗುಲಾಬಿ ಬಣ್ಣ ಇರಲೋ,” ಎಂದು ಕಾಕಾ ಗೋಗರೆದ. ಅದೊಂದು ಉಳಿಯಿತು. ವಿಡಿಯೋ ಕೊನೆಯವರೆಗೂ ಓಡಿತು.

ಮಧ್ಯಾಹ್ನ ಮನೆಗೆ ಬಂದು ಹಚ್ಚಿದೆವು. ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಕಾಕಿ ತಲೆ ಎತ್ತಿದಳು, ಕನ್ನಡಕ ಏರಿಸಿದಳು, ಗಟ್ಟಿಯಾಗಿ ಓದತೊಡಗಿದಳು. ಓದಿ ಓದಿ ನಕ್ಕಳು. ಎಲ್ಲರೂ ಎಂದೋ ನಕ್ಕು ಮರೆತ ಮಾತಿಗೆ ಅವಳೊಬ್ಬಳೇ ಹೊಟ್ಟೆ ಹಿಡಿದು ನಕ್ಕಳು. ನಡುವೆ ಥಟ್ಟನೆ ನನ್ನತ್ತ ತಿರುಗಿ, “ನಿಮ್ಮವ್ವ ನನ್ನ ಹೋಳಿಗಿಗೆ ಚಕ್ಕಡಿ ಗಾಲಿ ಅಂದ್ಲೇನ?” ಎಂದು ಕೇಳಿದಳು. ನಾನು ಫ್ಯಾನಿನ ತಿರುಗುವಿಕೆಯನ್ನು ಬಹಳ ಆಸ್ಥೆಯಿಂದ ನೋಡಿದೆ.

ಅಷ್ಟರಲ್ಲಿ ಪರದೆಯ ಮೇಲೆ ಹಸಿರು ಸೀರೆಯ ಕಾಕಿ ಮಗಳ ಕೆನ್ನೆಗೆ ಅರಿಸಿನ ಹಚ್ಚಲು ಬಾಗಿದಳು. ಅಲ್ಲಿ ಯಾರ ಮಾತೂ ಇರಲಿಲ್ಲ. ಆದರೂ ಕೆಳಗೆ ಅಕ್ಷರ ಮೂಡಿದವು:

“ಇಲ್ಲಿ ಯಾರೂ ಮಾತಾಡಾಕತ್ತಿಲ್ಲ. ಎಲ್ಲಾರೂ ನಿನ್ನ ನೋಡಾಕತ್ತಾರ. ನಾನೂ.”

ಕಾಕಿ ಇದನ್ನು ಗಟ್ಟಿಯಾಗಿ ಓದಲಿಲ್ಲ. ಬೆಳ್ಳುಳ್ಳಿ ಅವಳ ಬೆರಳ ನಡುವೆಯೇ ನಿಂತಿತು. ಕಾಕಾ ನಮಗೆ ಬೆನ್ನು ಮಾಡಿ, ಏನೂ ಕೆಡದ ವೈರೊಂದನ್ನು ಸರಿಮಾಡುತ್ತಿದ್ದ.

“ಸ್ವಲ್ಪ ಹಿಂದಕ್ಕ ತಗೋರಿ,” ಎಂದಳು ಕಾಕಿ.

ಓದಲಾಗಲಿಲ್ಲವೇ ಎಂದು ಕಾಕಾ ತಿರುಗಿ ಕೈಸನ್ನೆಯಲ್ಲಿ ಕೇಳಿದ.

“ಓದೇನಿ,” ಎಂದಳು ಕಾಕಿ. “ಇನ್ನೊಮ್ಮೆ ಓದ್ತೇನಿ.”